ಫೀಸೇ ಇಲ್ಲದ ಸ್ಟ್ಯಾನ್‌ಫರ್ಡ್
ಸ್ಟ್ಯಾನ್‌ಫರ್ಡ್ ಅಂದ್ರೆ ಮೊದಲು ಹೆದರಿಸೋದು ಫೀಸು. ಆದ್ರೆ ಕೇಳಿ, 1891ರಲ್ಲಿ ಬಾಗಿಲು ತೆರೆದ ಈ ಖಾಸಗಿ ವಿಶ್ವವಿದ್ಯಾಲಯ 1920ರವರೆಗೆ ಬೋಧನಾ ಶುಲ್ಕ ತಗೊಳ್ತಾನೇ ಇರಲಿಲ್ಲ! ರೈಲ್ವೆ ಕುಬೇರ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ತೀರಿಹೋದ ಮಗನ ನೆನಪಿಗೆ ಬರೆದುಕೊಟ್ಟ ಆಸ್ತಿಯೇ ಅದರ ಬಂಡವಾಳ.

ಅದೇ ಸಿಲಿಕಾನ್ ವ್ಯಾಲಿಯಲ್ಲಿ ಸರ್ಕಾರಿ ಸ್ಯಾನ್ ಹೋಸೆ ಸ್ಟೇಟ್ ಕೂಡ ಇದೆ. 1857ರಲ್ಲಿ ಶಿಕ್ಷಕರ ತರಬೇತಿ ಶಾಲೆಯಾಗಿ ಶುರುವಾದದ್ದು. ಇಂಟೆಲ್ ಕಟ್ಟಿದ ಗಾರ್ಡನ್ ಮೂರ್ ಡಿಗ್ರಿಗೆ ಮೊದಲು ಸೇರಿದ್ದು ಇಲ್ಲೇ.

1960ರ ಮಾಸ್ಟರ್ ಪ್ಲಾನ್ ಪ್ರಕಾರ, ಕ್ಯಾಲಿಫೋರ್ನಿಯಾದ ಹೈಸ್ಕೂಲಿನಲ್ಲಿ ಮೇಲಿನ ಮೂರನೇ ಒಂದು ಭಾಗದೊಳಗೆ ಬಂದವರಿಗೆ ಇಂಥ ಸ್ಟೇಟ್ ಕಾಲೇಜಲ್ಲಿ ಸೀಟು, ಟ್ಯೂಷನ್ ಇಲ್ಲ. ಮುಂದೆ ಸರ್ಕಾರ ಕೈ ಬಿಗಿಹಿಡೀತು, ಶುಲ್ಕ ಏರ್ತು.

ಇವತ್ತು ಸ್ಟ್ಯಾನ್‌ಫರ್ಡ್ ಬಡವರಿಗೆ ಫೀಸ್ ಮನ್ನಾ ಮಾಡುತ್ತೆ ನಿಜ. ಆದ್ರೆ ಅರ್ಜಿ ಹಾಕಿದ ನೂರರಲ್ಲಿ ಒಳಗೆ ಹೋಗೋದು ಹೆಚ್ಚುಕಡಿಮೆ ನಾಲ್ಕೇ ಜನ. ಕಾಮರ್ಸ್ ಓದಿದ ನನಗೆ ಅರ್ಥವಾಗದ ಲೆಕ್ಕ ಇದು: ಹೆಚ್ಚು ಮಕ್ಕಳು ಓದೋ ಕಡೆಯೇ ಕಡಿಮೆ ದುಡ್ಡು ಯಾಕೆ?