ಹಳೆಯ ವಾದ್ಯವನ್ನು ಮಾರುವ ಮುನ್ನ

ನನ್ನ ಬಳಿ ಒಂದು ವಿದ್ಯುತ್ ಗಿಟಾರ್ ಇದೆ. ಅದನ್ನು ಮಾರಬೇಕೆಂದು ನಿಶ್ಚಯಿಸಿದ್ದೇನೆ. ಹಳೆಯ ಸಾಮಾನನ್ನು ಮಾರುವುದರಲ್ಲಿ ಹೇಳಿಕೊಳ್ಳುವಂಥ ವಿಶೇಷವೇನು ಎಂದು ನೀವು ಕೇಳಬಹುದು. ವಿಶೇಷ ಇಷ್ಟೆ: ಈ ಗಿಟಾರಿನ ಒಡಲೊಳಗೇ ಸಿಂಥಸೈಜರ್ ಅಡಗಿದೆ. ತಂತಿಯನ್ನು ಮೀಟಿದರೆ ಕೊಳಲಿನಂಥ, ತುತ್ತೂರಿಯಂಥ, ಒಮ್ಮೊಮ್ಮೆ ಯಾವ ವಾದ್ಯಕ್ಕೂ ಸೇರದ ನಾದ ಹೊರಡುತ್ತದೆ. ಜಪಾನಿನ ಕ್ಯಾಸಿಯೋ ಸಂಸ್ಥೆ 1988ರಲ್ಲಿ ಹೊರತಂದ ಪಿಜಿ-380 ಎಂಬ ಮಾದರಿ ಅದು. ಅದರ ತಯಾರಿಕೆ ನಿಂತು ಬಹುಕಾಲವಾಯಿತು. ಈಗ ಕೈಯಿಂದ ಕೈಗೆ ಸಾಗುತ್ತಿರುವವು ಮಾತ್ರ ಉಳಿದಿವೆ. ನನಗೂ ಅದು ಇನ್ನೊಬ್ಬರ ಕೈಯಿಂದಲೇ ಬಂದದ್ದು.

ಬೆಲೆ ಕಟ್ಟಲು ಕುಳಿತಾಗ ಅದರ ವಂಶಾವಳಿ ನೆನಪಾಯಿತು. 1964ರಲ್ಲಿ ಅಮೆರಿಕದ ರಾಬರ್ಟ್ ಮೋಗ್ ತಮ್ಮ ಸಿಂಥಸೈಜರನ್ನು ಸಂಗೀತಗಾರರ ಮುಂದಿಟ್ಟರು. ಕ್ರಮೇಣ ಅದು ಹಾರ್ಮೋನಿಯಮ್ಮಿನಂಥ ಮನೆಗಳಿಗೆ ಅಂಟಿಕೊಂಡಿತು. ಮನೆಯನ್ನು ಒತ್ತಿದರೆ ಒಂದು ಸ್ವರ, ಬಿಟ್ಟರೆ ಮೌನ. ತಂತಿಯ ಸ್ವಭಾವ ಹಾಗಲ್ಲ. ಬೆರಳು ಎಳೆದತ್ತ ಸ್ವರ ಬಾಗುತ್ತದೆ. ವೈಣಿಕರು ತಂತಿಯನ್ನೆಳೆದು ಗಮಕ ಹಿಡಿಯುವುದನ್ನು ಕಂಡವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಹೊಸ ಯಂತ್ರದ ನಾದಗಳು ತಮ್ಮ ಬೆರಳಿಗೂ ದಕ್ಕಬೇಕೆಂದು ಗಿಟಾರ್ ವಾದಕರು ಹಂಬಲಿಸಿದ್ದು ಸಹಜವೇ.

ಇಂಗ್ಲೆಂಡಿನ ವಾಕ್ಸ್ ಸಂಸ್ಥೆ 1960ರ ದಶಕದಲ್ಲಿಯೇ ಗಿಟಾರಿನೊಳಗೆ ಆರ್ಗನ್ನನ್ನು ಕೂರಿಸಿ ನೋಡಿತ್ತು. ತಂತಿ ಮೆಟ್ಟಿಲನ್ನು ಮುಟ್ಟಿದಾಗ ವಿದ್ಯುತ್ ಹರಿದು ಸ್ವರ ಹುಟ್ಟುತ್ತಿತ್ತು. ಆದರೆ ತಂತಿಯನ್ನು ಎಷ್ಟು ಎಳೆದರೂ ಆ ಸ್ವರ ಬಾಗುತ್ತಿರಲಿಲ್ಲ. 1977ರಲ್ಲಿ ಎರಡು ಹೊಸ ಪ್ರಯತ್ನಗಳಾದವು. ಅಮೆರಿಕದ ಎಆರ್‌ಪಿ ಸಂಸ್ಥೆ ತನ್ನ ಯಂತ್ರಕ್ಕೆ ನಮ್ಮ ‘ಅವತಾರ’ ಶಬ್ದವನ್ನೇ ಹೆಸರಾಗಿಟ್ಟಿತು. ಅವತಾರವಾದರೂ ಅದು ರಕ್ಷಿಸಲಿಲ್ಲ. ಅಪಾರ ಹಣವನ್ನು ನುಂಗಿ, ಎಣಿಸಿದಷ್ಟು ಮಾರಾಟ ಕಾಣದೆ, ಸಂಸ್ಥೆಯ ಪತನಕ್ಕೆ ನೆರವಾಯಿತು. 1981ರಲ್ಲಿ ಎಆರ್‌ಪಿ ಮುಚ್ಚಿಹೋಯಿತು.

ಇನ್ನೊಂದು, ಜಪಾನಿನ ರೋಲೆಂಡ್ ಸಂಸ್ಥೆಯ ಜಿಆರ್-500. ಅದರ ಬೆನ್ನಿಗೆ 1980ರಲ್ಲಿ ಬಂದ ಜಿಆರ್-300 ನಿಜವಾದ ಕೀರ್ತಿ ಗಳಿಸಿತು. ಪ್ಯಾಟ್ ಮೆಥೀನಿಯವರು 1982ರ ‘ಆಫ್‌ರಾಂಪ್’ ಧ್ವನಿಮುದ್ರಿಕೆಯಲ್ಲಿ ಅದನ್ನು ತುತ್ತೂರಿಯಂತೆ ಹಾಡಿಸಿದರು. ಗಿಟಾರ್ ಕೈಯಲ್ಲಿ, ಸಿಂಥಸೈಜರ್ ಪೆಟ್ಟಿಗೆ ನೆಲದ ಮೇಲೆ, ನಡುವೆ 24 ಮೊನೆಗಳ ಕೇಬಲ್ಲು. ಇವುಗಳಲ್ಲಿ ಒಂದು ಕಳೆದರೆ ಉಳಿದದ್ದು ಮೂಕ. ಕ್ಯಾಸಿಯೋ ಆ ಪೆಟ್ಟಿಗೆಯನ್ನೇ ಗಿಟಾರಿನ ಒಡಲಿಗೆ ಸೇರಿಸಿತು.

ಅಷ್ಟರಲ್ಲಿ, 1983ರಲ್ಲಿ, ವಾದ್ಯಗಳು ಪರಸ್ಪರ ಮಾತನಾಡಲು ‘ಮಿಡಿ’ ಎಂಬ ಸಂಕೇತಭಾಷೆ ಬಂದಿತ್ತು. ತಂತಿ ಮಿಡಿಯುವುದಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ನನ್ನ ಗಿಟಾರಿಗೂ ಆ ಭಾಷೆ ಬರುತ್ತದೆ. ತೊಡಕಿರುವುದು ಇಲ್ಲಿಯೇ. ನಾದವನ್ನು ಸಂಕೇತವಾಗಿಸುವ ಮೊದಲು ಸ್ವರ ಯಾವುದೆಂದು ಯಂತ್ರ ಅರಿಯಬೇಕು. ಅರಿಯಲು ತಂತಿಯ ಒಂದೆರಡು ಕಂಪನಗಳನ್ನಾದರೂ ಅಳೆಯಬೇಕು. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಒಂದು ಕಂಪನಕ್ಕೆ ಸೆಕೆಂಡಿನ ಸಾವಿರ ಭಾಗಗಳಲ್ಲಿ 12 ಬೇಕು. ತೆಳುವಾದ ತಂತಿಗೆ 3 ಸಾಕು. ಆದ್ದರಿಂದ ಮಂದ್ರದ ಸ್ವರ ತುಸು ತಡವಾಗಿ ಬರುತ್ತದೆ. ಇದು ತಯಾರಿಸಿದವರ ಅಜ್ಞಾನವಲ್ಲ, ಪ್ರಕೃತಿಯ ನಿಯಮ.

ಕಳೆದ ವಾರ ಒಬ್ಬ ತರುಣ ವಾದ್ಯವನ್ನು ನೋಡಲು ಬಂದ. ಬಂದವನೇ ವೇಗವಾಗಿ ನುಡಿಸಿದ. ಸ್ವರಗಳು ಒಂದರ ಮೇಲೊಂದು ಬಿದ್ದವು. “ಕೆಟ್ಟಿದೆಯಾ ಸಾರ್?” ಎಂದ. “ಇಲ್ಲಪ್ಪ, ನಿಧಾನವಾಗಿ ನುಡಿಸು, ಒಂದು ತಂತಿ ಮೀಟುವಾಗ ಇನ್ನೊಂದನ್ನು ಮುಟ್ಟಬೇಡ” ಎಂದು ಹೇಳಿ, ತಡವಾಗುವ ಕಾರಣವನ್ನೂ ತಿಳಿಸಿದೆ. ಹಾಗೆಯೇ ಮಾಡಿದ. ಕೊಳಲಿನಂಥ ನಾದ ಹೊರಟಾಗ ಅವನ ಮುಖ ಅರಳಿತು. ಆಮೇಲೆ ದಪ್ಪ ತಂತಿಯನ್ನು ಮೀಟಿದ. ತಂತಿ ನುಡಿಯಿತು, ಸಿಂಥಸೈಜರ್ ನುಡಿಯಲಿಲ್ಲ. “ನೀವು ಹೇಳಿದ ತಡ ಇದೇ ಅಲ್ವಾ ಸಾರ್?” ಎಂದು ಕೇಳಿದ.

ಹೌದೆಂದು ಬಿಡಬಹುದಿತ್ತು. ಅರ್ಧ ಶತಮಾನದ ಚರಿತ್ರೆ ನನ್ನ ಸುಳ್ಳಿಗೆ ಸಾಕ್ಷಿ ಹೇಳಲು ಸಿದ್ಧವಾಗಿತ್ತು. ಆದರೆ ನಿಜ ಬೇರೆ. ಎರಡು ಮಳೆಗಾಲ ಪೆಟ್ಟಿಗೆಯನ್ನು ತೆರೆಯದೆ, ತೇವದಲ್ಲಿ ಕೊಳೆಯಲು ಬಿಟ್ಟವನು ನಾನು. ಆರು ತಂತಿಗಳಿಗೂ ಬೇರೆ ಬೇರೆಯಾಗಿ ಇರುವ ಗ್ರಾಹಕಗಳಲ್ಲಿ ಒಂದರ ಸಂಪರ್ಕ ಅಲ್ಲಿ ಕಡಿದುಹೋಗಿದೆ. “ಅದು ತಡವಲ್ಲಪ್ಪ, ದೋಷ. ತಪ್ಪು ನನ್ನದು” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯೋಚನೆ ಮಾಡಿ ಬರ್ತೀನಿ ಸಾರ್” ಎಂದು ಹೊರಟ.

ಇನ್ನೂ ಬಂದಿಲ್ಲ. ಬರಲಿ, ಬಿಡಲಿ. ನಾನೊಂದು ಹಾಳೆಯಲ್ಲಿ ಎರಡು ಪಟ್ಟಿ ಬರೆದಿಟ್ಟಿದ್ದೇನೆ: ವಾದ್ಯದ ಸ್ವಭಾವದಿಂದ ಆಗುವುದು ಯಾವುದು, ನನ್ನ ಅಲಕ್ಷ್ಯದಿಂದ ಆದದ್ದು ಯಾವುದು ಎಂದು. ಕೊಳ್ಳುವವರು ಯಾರೇ ಆಗಲಿ, ಗಿಟಾರಿನ ಜೊತೆ ಆ ಹಾಳೆಯೂ ಅವರ ಕೈ ಸೇರುತ್ತದೆ. ಬೆಲೆಯನ್ನು ಅದನ್ನು ಓದಿದ ಮೇಲೆ ಮಾತಾಡೋಣ.