ಕರೆಂಟು ಮೊದಲು ಹೋಗಿದ್ದು ಎಲ್ಲಿಗೆ?

ನಮ್ಮ ಪುಲಿಕೇಶಿನಗರದಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಕರೆಂಟು ಹೋಗುತ್ತೆ. ಅದರ ಹಿಂದೆಯೇ ನೆಟ್ಟೂ. ಮನೆಯಲ್ಲಿ ಯುಪಿಎಸ್ ಇದ್ದರೇನು ಬಂತು, ಬೀದಿ ಕೊನೆಯ ಕಂಬದ ಡಬ್ಬಿಗೆ ಕರೆಂಟಿಲ್ಲದಿದ್ದರೆ?

ಕಾಯುವುದು ಈ ಊರಿಗೆ ಹೊಸದಲ್ಲ ಬಿಡಿ. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಮೊದಲು ಹೋಗಿದ್ದು ಬೆಂಗಳೂರಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ! ಆ ಕಾಲಕ್ಕೆ ಅಷ್ಟು ಉದ್ದದ ತಂತಿ ಜಗತ್ತಿನಲ್ಲೇ ಅಪರೂಪ. ಗಣಿಯ ಯಂತ್ರಗಳಿಗೆ ಕಲ್ಲಿದ್ದಲು ದುಬಾರಿಯಾಗಿತ್ತು, ಅಲ್ಲಿನ ಬ್ರಿಟಿಷ್ ಕಂಪನಿಗಳ ಹತ್ತಿರ ಬಿಲ್ ಕಟ್ಟೋಕೆ ದುಡ್ಡಿತ್ತು. ಅದನ್ನು ತಪ್ಪು ಅನ್ನಲಾರೆ, ಆ ಗಿರಾಕಿ ಇಲ್ಲದಿದ್ದರೆ ತಂತಿ ಎಳೆಯೋ ಧೈರ್ಯ ಯಾರಿಗಿರುತ್ತಿತ್ತು? ಬೆಂಗಳೂರಿನಲ್ಲಿ ವಿದ್ಯುತ್ ಬೀದಿದೀಪ ಹತ್ತಿದ್ದು 1905ರ ಆಗಸ್ಟ್ 5ರಂದು. ನಮ್ಮ ಬಡಾವಣೆಯೋ, 1898ರ ಪ್ಲೇಗಿನ ನಂತರ ಗಾಳಿ-ಬೆಳಕು ಚೆನ್ನಾಗಿರಲಿ ಅಂತ ಕಟ್ಟಿದ್ದು. (ಬೆಳಕು! ನಗಬೇಡಿ.)

ನೆಟ್ಟಿನ ಕಥೆಯೂ ಹೆಚ್ಚುಕಮ್ಮಿ ಹೀಗೇ. ಇಲ್ಲೇ ಪಕ್ಕದ ಮಿಲ್ಲರ್ಸ್ ರಸ್ತೆಗೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಅವರ ಇಂಜಿನಿಯರುಗಳ ಕೆಲಸ ಉಪಗ್ರಹದ ಮೂಲಕ ಸಮುದ್ರ ದಾಟುತ್ತಿದ್ದಾಗ ಅಕ್ಕಪಕ್ಕದ ಮನೆಯವರು ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದರು. ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡೋಕೆ ಶುರುಮಾಡಿದ್ದು 1995ರ ಆಗಸ್ಟ್ 15ಕ್ಕೆ. ಅದೂ ಡಯಲ್-ಅಪ್!