ಕಿಟ್ಟೆಲ್ ಎಂದರೆ ಅಂಗಿ

ಹಳಗನ್ನಡದ ಪದವೊಂದಕ್ಕೆ ಅರ್ಥ ಹೊಳೆಯದೆ ವಿದ್ಯಾರ್ಥಿ ತಡವರಿಸಿದರೆ ಕನ್ನಡ ಮೇಷ್ಟರು ಹೇಳುವುದು ಒಂದೇ ಮಾತು: ‘ಕಿಟ್ಟೆಲ್ ನೋಡು’. ಪಕ್ಕದ ಕಟ್ಟಡದ ಭೌತಶಾಸ್ತ್ರ ವಿಭಾಗದಲ್ಲೂ ‘ಕಿಟ್ಟೆಲ್ ಓದಿದ್ಯಾ?’ ಎಂಬ ಪ್ರಶ್ನೆ ಕೇಳಿಸುವುದುಂಟು. ಇಬ್ಬರ ಮನಸ್ಸಿನಲ್ಲಿರುವುದೂ ಮನುಷ್ಯನಲ್ಲ, ಪುಸ್ತಕ. ಪುಸ್ತಕ ಬೇರೆ ಬೇರೆ, ಬರೆದವರೂ ಬೇರೆ ಬೇರೆ. ಮೊದಲನೆಯದು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಹೊರತಂದ ಫರ್ಡಿನಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು. ಎರಡನೆಯದು 1953ರಲ್ಲಿ ಮೊದಲು ಪ್ರಕಟವಾದ, ಅಮೆರಿಕದ ಚಾರ್ಲ್ಸ್ ಕಿಟ್ಟೆಲ್ ಅವರ ಘನಸ್ಥಿತಿ ಭೌತಶಾಸ್ತ್ರದ ಪಠ್ಯ. ಬೈಬಲ್ ವಿದ್ವಾಂಸರ ಕಪಾಟಿನಲ್ಲಿ ಇನ್ನೂ ಎರಡು ‘ಕಿಟ್ಟೆಲ್’ಗಳಿವೆ. ಒಂದು ಅಡ್ಡಹೆಸರು ನಾಲ್ಕು ಸಲ ದಪ್ಪ ಪುಸ್ತಕವೊಂದರ ಹೆಸರಾಗಿ ನಿಂತದ್ದು ಸೋಜಿಗವೇ. ಏಕೆಂದರೆ ಆ ಹೆಸರಿಗೂ ಪಾಂಡಿತ್ಯಕ್ಕೂ ಯಾವ ನಂಟೂ ಇಲ್ಲ. ಅದೊಂದು ಬಟ್ಟೆ.

ಜರ್ಮನ್ ಭಾಷೆಯಲ್ಲಿ ಕಿಟ್ಟೆಲ್ ಎಂದರೆ ಕೆಲಸದ ಹೊತ್ತಿನಲ್ಲಿ ಮೈಮೇಲೆ ಹಾಕಿಕೊಳ್ಳುವ ಸಡಿಲವಾದ ಮೇಲಂಗಿ. ರೈತ, ಗಾಡಿ ಹೊಡೆಯುವವನು, ಕುಶಲಕರ್ಮಿ ಎಲ್ಲರೂ ತೊಡುತ್ತಿದ್ದರು. ಇಂದಿಗೂ ಅಲ್ಲಿ ಡಾಕ್ಟರರ ಬಿಳಿ ಕೋಟು ಕಿಟ್ಟೆಲ್, ಪ್ರಯೋಗಾಲಯದ ಕೋಟೂ ಕಿಟ್ಟೆಲ್. ಡಾಕ್ಟರನ್ನು ಕಂಡೊಡನೆ ಏರುವ ರಕ್ತದೊತ್ತಡಕ್ಕೆ ಜರ್ಮನ್ನರು ಇಟ್ಟಿರುವ ಹೆಸರಿನಲ್ಲೂ ಈ ಬಿಳಿ ಕಿಟ್ಟೆಲ್ ಇದೆ. ಪದ ಮಧ್ಯಯುಗದ ಜರ್ಮನ್‌ನಿಂದಲೇ ಬಂದದ್ದು. ಅದರಾಚೆಗಿನ ಬೇರನ್ನು ಕೆಲವು ವಿದ್ವಾಂಸರು ಹತ್ತಿ ಎಂಬರ್ಥದ ಅರಬ್ಬಿ ಪದ ‘ಕುತ್ನ್’ನಲ್ಲಿ ಹುಡುಕುತ್ತಾರೆ, ಇಂಗ್ಲಿಷಿನ ‘ಕಾಟನ್’ ಹುಟ್ಟಿದ್ದೂ ಅದರಿಂದಲೇ. ಉಳಿದವರು ಒಪ್ಪುವುದಿಲ್ಲ.

ಅಂಗಿ ಅಡ್ಡಹೆಸರಾದದ್ದು ಹೇಗೆ? ಮಧ್ಯಯುಗದ ಜರ್ಮನ್ ಪಟ್ಟಣಗಳಲ್ಲಿ ಜನ ಹೆಚ್ಚಿದಂತೆ ಒಂದೇ ಬೀದಿಯಲ್ಲಿ ಹತ್ತು ಹಾನ್ಸ್‌ಗಳಾದರು. ತೆರಿಗೆ ಪಟ್ಟಿ ಬರೆಯುವವನು ಇವರನ್ನು ಬೇರ್ಪಡಿಸಬೇಕಲ್ಲ! ಹಿಟ್ಟಿನ ಗಿರಣಿಯ ಹಾನ್ಸ್ ಮ್ಯುಲ್ಲರ್ ಆದ, ಕಮ್ಮಾರ ಶ್ಮಿಟ್ ಆದ, ಬಟ್ಟೆ ಹೊಲಿಯುವವನು ಶ್ನೈಡರ್ ಆದ. ಇವು ಇಂದು ಜರ್ಮನಿಯಲ್ಲಿ ಎಲ್ಲೆಂದರಲ್ಲಿ ಸಿಗುವ ಹೆಸರುಗಳು. ಕಿಟ್ಟೆಲ್ ಆ ಸಾಲಿಗೆ ಸೇರಿದ್ದಲ್ಲ; ಅದನ್ನು ಹೊತ್ತವರು ಕಡಿಮೆ. ಈ ಅಂಗಿಯನ್ನು ಹೊಲಿಯುವುದನ್ನೇ ಕಸುಬು ಮಾಡಿಕೊಂಡವನಿಗೆ, ಇಲ್ಲವೇ ಸದಾ ಇದೇ ಅಂಗಿಯಲ್ಲಿ ಕಾಣಿಸಿಕೊಳ್ಳುವವನಿಗೆ ನೆರೆಹೊರೆ ಕಟ್ಟಿದ ಹೆಸರದು. ಹಾಗಾಗಿ ಒಂದೊಂದು ಊರಿನಲ್ಲೂ ತಾನೇ ತಾನಾಗಿ ಹುಟ್ಟಿರಬಹುದಾದ ಹೆಸರು. ಎಲ್ಲ ಕಿಟ್ಟೆಲ್‌ಗಳಿಗೂ ಒಬ್ಬನೇ ಮೂಲಪುರುಷನನ್ನು ಹುಡುಕಹೊರಟರೆ ಕೈಗೆ ಏನೂ ಸಿಗದು.

ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ, ಕಂಬಳಿ, ಜವಳಿ ಎಲ್ಲವೂ ಅಲ್ಲಿ ಅಡ್ಡಹೆಸರುಗಳೇ. ‘ಕುಬಸದ’ ಎಂಬ ಮನೆತನವೂ ಉಂಟು. ಕುಬಸ ಮೈಗೆ ತೊಡುವ ಬಟ್ಟೆ. ಕಿಟ್ಟೆಲ್ ಎಂಬುದನ್ನು ಕನ್ನಡಿಸುವುದಾದರೆ ಫರ್ಡಿನಂಡ್ ಕುಬಸದ ಎಂದು ಕರೆದರೂ ತಪ್ಪಾಗದು.

ಹೆಸರು ಹೆಚ್ಚಾಗಿ ಕಾಣುವುದು ಜರ್ಮನ್ ನೆಲದ ಪೂರ್ವ ಮತ್ತು ನಡುಭಾಗದಲ್ಲಿ. ಸ್ಯಾಕ್ಸನಿಯ ಕಾಸ್ಪರ್ ಕಿಟ್ಟೆಲ್ ಹದಿನೇಳನೆಯ ಶತಮಾನದ ಸಂಗೀತಗಾರ. ಬೊಹೆಮಿಯಾದ ಬೆಟ್ಟಸೀಮೆಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ಡಾಕ್ಟರ್ ಕಿಟ್ಟೆಲ್ ಎಂಬ ವೈದ್ಯನಿದ್ದ. ಅವನ ಕೈಗುಣ ಎಷ್ಟಿತ್ತೆಂದರೆ, ಸೈತಾನನ ಜೊತೆ ಕರಾರು ಮಾಡಿಕೊಂಡಿದ್ದಾನೆಂದು ಜನ ಕಥೆ ಕಟ್ಟಿದರು. ತುರಿಂಗಿಯಾದ ಎರ್‌ಫರ್ಟ್‌ನಲ್ಲಿ 1732ರಲ್ಲಿ ಹುಟ್ಟಿದ ಯೋಹಾನ್ ಕ್ರಿಸ್ಟಿಯಾನ್ ಕಿಟ್ಟೆಲ್ ಮಹಾ ಸಂಗೀತಗಾರ ಬಾಖ್‌ನ ಕೊನೆಯ ಶಿಷ್ಯರಲ್ಲೊಬ್ಬ. ಗುರುವಿನ ಆರ್ಗನ್ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಹೊಸ್ತಿಲಿನವರೆಗೂ ತಂದು ಮುಟ್ಟಿಸಿದವನು. ಅದೇ ಎರ್‌ಫರ್ಟ್‌ಗೆ ಸಮೀಪದ ಅರ್ನ್‌ಸ್ಟಾಟ್ ಊರಲ್ಲಿ, ಬಾಖ್ ಹರೆಯದಲ್ಲಿ ಆರ್ಗನ್ ನುಡಿಸುತ್ತಿದ್ದ ಊರಲ್ಲಿ, 1988ರಲ್ಲಿ ಹುಟ್ಟಿದವರು ಸೈಕಲ್ ಪಟು ಮಾರ್ಸೆಲ್ ಕಿಟ್ಟೆಲ್. ಟೂರ್ ದ ಫ್ರಾನ್ಸ್‌ನ 14 ಹಂತಗಳನ್ನು ಅವರು ಗೆದ್ದಿದ್ದಾರೆ.

ಆರ್ಗನ್ ವಾದಕ ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ, 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ವಾಯವ್ಯ ಮೂಲೆಯ ಕಡಲಂಚಿನ ರೆಸ್ಟರ್‌ಹಾಫ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಫರ್ಡಿನಂಡ್ ಹುಟ್ಟಿದರು. ಈಸ್ಟ್ ಫ್ರಿಸಿಯಾ ಎಂಬ ಆ ಸೀಮೆಯ ಕಥೆಯೇ ಬೇರೆ. ಅಲ್ಲಿನವರಿಗೆ ಮನೆತನದ ಹೆಸರೇ ಇರಲಿಲ್ಲ; ಅಪ್ಪನ ಹೆಸರೇ ಮಗನ ಎರಡನೆಯ ಹೆಸರು. ಯಾನ್‌ನ ಮಗ ಯಾನ್ಸೆನ್, ಅವನ ಮಗನಿಗೆ ಮತ್ತೆ ಇನ್ನೊಂದು. ಹಳೆಯ ಮೈಸೂರಿನವರು ಹೆಸರಿನ ಹಿಂದೆ ಅಪ್ಪನ ಇನಿಶಿಯಲ್ ಹಚ್ಚುವಂತೆಯೇ ಅನ್ನಿ. 1811ರಲ್ಲಿ ನೆಪೋಲಿಯನ್ ಆಜ್ಞೆ ಹೊರಡಿಸಿ ಎಲ್ಲರೂ ಕಾಯಂ ಹೆಸರು ಇಟ್ಟುಕೊಳ್ಳಬೇಕೆಂದ. ಸರ್ಕಾರದ ದಫ್ತರಕ್ಕೆ ಅನುಕೂಲ, ಸೈನ್ಯಕ್ಕೆ ಜನ ಎತ್ತಲೂ ಅನುಕೂಲ. ಜನ ಮಾತ್ರ ಬಹುಕಾಲ ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಅಂಥ ಊರಿನಲ್ಲಿ ಪಾದ್ರಿಯ ಮನೆಯ ‘ಕಿಟ್ಟೆಲ್’ ಹೊರಗಿನ ಹೆಸರಿನಂತೆಯೇ ಕೇಳಿಸಿರಬೇಕು.

ಆ ಹೆಸರು 1853ರಲ್ಲಿ ಕರ್ನಾಟಕಕ್ಕೆ ಬಂತು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದಸ್ಸು ಇವುಗಳ ಸಂಪಾದನೆ, ಸುಮಾರು 70,000 ಪದಗಳ ನಿಘಂಟು, ಸಾಯುವ ವರ್ಷವಾದ 1903ರಲ್ಲಿ ವ್ಯಾಕರಣ. ಇವೆಲ್ಲ ಕನ್ನಡಿಗರಿಗೆ ಗೊತ್ತಿರುವ ಸಂಗತಿ. ಹೆಸರಿನ ಉಚ್ಚಾರದ ಬಗ್ಗೆ ಮಾತ್ರ ಒಂದು ಮಾತು. ಜರ್ಮನ್ನರು ಎರಡು ‘ಟ’ ಬರೆಯುವುದು ಹಿಂದಿನ ‘ಇ’ ಹ್ರಸ್ವವೆಂದು ತೋರಿಸಲು. ಬಾಯಲ್ಲಿ ಬರುವುದು ‘ಕಿಟ್ಲ್’ ಎಂಬಂಥ ಸದ್ದು. ನಾವು ಒತ್ತಕ್ಷರವನ್ನು ಒತ್ತಿಯೇ ಹೇಳಿದೆವು. ಕಿಟ್ಟಪ್ಪ, ಕಿಟ್ಟಣ್ಣರಿರುವ ನಾಡಿನಲ್ಲಿ ಅದು ಸಲೀಸಾಗಿ ಹೊಂದಿಕೊಂಡಿತು.

ಇನ್ನು ಬೈಬಲ್ ವಿದ್ವಾಂಸರ ಕಿಟ್ಟೆಲ್‌ಗಳು. ಫರ್ಡಿನಂಡ್ ಭಾರತಕ್ಕೆ ಬಂದ ವರ್ಷವೇ ಹುಟ್ಟಿದ ರುಡಾಲ್ಫ್ ಕಿಟ್ಟೆಲ್ ಹೀಬ್ರೂ ಬೈಬಲಿನ ಪರಿಷ್ಕೃತ ಪಾಠವನ್ನು 1905–06ರಲ್ಲಿ ಹೊರತಂದರು. ಅವರ ಮಗ ಗೆರ್ಹಾರ್ಡ್ ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಬೃಹತ್ ಕೋಶದ ಸಂಪಾದಕ. ಅದರ ಮೊದಲ ಸಂಪುಟ ಬಂದದ್ದು 1933ರಲ್ಲಿ. ಅದೇ ವರ್ಷ ಆತ ನಾಜಿ ಪಕ್ಷ ಸೇರಿದ. ಯೆಹೂದಿಗಳ ನಾಗರಿಕ ಹಕ್ಕು ಕಸಿದು ಅವರನ್ನು ಬರಿಯ ‘ಅತಿಥಿ’ಗಳಂತೆ ಇಡಬೇಕೆಂದು ಹೊತ್ತಗೆಯನ್ನೂ ಬರೆದ. 1945ರಲ್ಲಿ ಫ್ರೆಂಚ್ ಸೇನೆ ಆತನನ್ನು ಬಂಧಿಸಿತು. 1948ರಲ್ಲಿ ಸತ್ತದ್ದು ಟ್ಯೂಬಿಂಗನ್‌ನಲ್ಲಿ. ಕನ್ನಡದ ಕೋಶಕಾರ ಕಣ್ಣುಮುಚ್ಚಿದ ಊರೂ ಅದೇ. ಒಂದೇ ಹೆಸರಿನ ಇಬ್ಬರು ಕೋಶಕಾರರಲ್ಲಿ ಒಬ್ಬರು ಪರರ ಭಾಷೆಗೆ ಬಾಳನ್ನೇ ಸವೆಸಿದರು. ಇನ್ನೊಬ್ಬ ಪಕ್ಕದ ಮನೆಯವರನ್ನೇ ಪರರನ್ನಾಗಿಸಿದ.

ವಿಪರ್ಯಾಸವೆಂದರೆ, ಕಿಟ್ಟೆಲ್ ಎಂಬ ಪದವನ್ನು ಎಲ್ಲರಿಗಿಂತ ಹೆಚ್ಚು ಭಕ್ತಿಯಿಂದ ಉಳಿಸಿಕೊಂಡವರು ಯೆಹೂದಿಗಳೇ. ಜರ್ಮನ್ ಮತ್ತು ಪೂರ್ವ ಯೂರೋಪ್ ಮೂಲದ ಯೆಹೂದಿಗಳಲ್ಲಿ ಬಿಳಿಯ ನಿಲುವಂಗಿಗೆ ಕಿಟ್ಟೆಲ್ ಎಂದೇ ಹೆಸರು. ಪ್ರಾಯಶ್ಚಿತ್ತದ ಉಪವಾಸವಾದ ಯೋಮ್ ಕಿಪ್ಪುರ್ ದಿನ ಅದನ್ನು ತೊಡುತ್ತಾರೆ. ಹಲವು ಮನೆಗಳಲ್ಲಿ ಮದುಮಗ ಮದುವೆಯ ಮಂಟಪದ ಕೆಳಗೆ ನಿಲ್ಲುವುದೂ ಅದರಲ್ಲೇ. ಕೊನೆಗೆ ಮಣ್ಣಿಗಿಡುವಾಗಲೂ ಅದೇ ಅಂಗಿ. ಹೊಲದಲ್ಲಿ ದುಡಿಯುವವನ ಬಟ್ಟೆ ದೇವರ ಮುಂದೆ ನಿಲ್ಲುವ ಬಟ್ಟೆಯಾಯಿತು.

ಧಾರವಾಡದಲ್ಲಿ ಈ ಹೆಸರಿನ ಕಾಲೇಜಿದೆ, ಬೆಂಗಳೂರಿನಲ್ಲಿ ಪ್ರತಿಮೆ. ಬೆಂಗಳೂರಿನ ಆಸ್ಟಿನ್ ಟೌನ್‌ಗೆ ಕಿಟ್ಟೆಲ್ ನಗರ ಎಂದು ಹೆಸರಿಟ್ಟದ್ದೂ ಆಗಿದೆ. ಆಟೋದವರಿಗೆ ಮಾತ್ರ ಆಸ್ಟಿನ್ ಟೌನ್ ಎಂದೇ ಹೇಳಬೇಕು.